ಲೀಟರಿಗೆ ಹನ್ನೆರಡು

ವಿರೂಪಣ್ಣನವರು ಪೀಣ್ಯದ ಕಚೇರಿಗೆ ದಿನವೂ ಸ್ಪೋರ್ಟ್ಸ್ ಕಾರಿನಲ್ಲೇ ಹೋಗುತ್ತಿದ್ದರು. ಲೀಟರಿಗೆ ಐದೇ ಕಿಲೋಮೀಟರ್ ಸಿಗುತ್ತಿತ್ತು.

"ಕಾರಿನ ಕಂಪನಿ ಪುಸ್ತಕದಲ್ಲಿ ಹನ್ನೆರಡು ಅಂತಿದೆ. ಉಳಿದ ಪೆಟ್ರೋಲ್ ನೀನೇ ಕದೀತಿದ್ದೀಯ," ಎಂದು ಡ್ರೈವರನ್ನು ಗದರಿದರು. "ನಾಳೆ ಮೈಲೇಜ್ ಮೀಟರಿನಲ್ಲಿ ಹನ್ನೆರಡು ತೋರಿಸು. ಇಲ್ಲದಿದ್ರೆ ಕೆಲಸ ಬಿಡು."

"ತೋರಿಸ್ತೀನಿ ಸಾರ್."

ಮರುದಿನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಕಾರು ಕಚೇರಿಯ ಬಳಿ ಬಂತು. ಮೀಟರಿನಲ್ಲಿ ಐದೇ ಇತ್ತು. ಡ್ರೈವರ್ ನಿಲ್ಲಿಸಲಿಲ್ಲ. ತುಮಕೂರು ಹೆದ್ದಾರಿ ಹಿಡಿದು ಒಂದೇ ವೇಗದಲ್ಲಿ ಹೊರಟ. ಪಕ್ಕದಲ್ಲಿ ಕೂತ ವಿರೂಪಣ್ಣನವರೂ ಮೀಟರನ್ನೇ ನೋಡುತ್ತಿದ್ದರು. ನೆಲಮಂಗಲ ದಾಟಿದಾಗ ಮೀಟರು ಎಂಟಕ್ಕೆ ಏರಿತು. ದಾಬಸ್‌ಪೇಟೆಯಲ್ಲಿ ಹತ್ತಕ್ಕೆ ಬಂತು.

"ಏಯ್, ಕಚೇರೀಲಿ ಮೀಟಿಂಗ್ ಇದೆ ಕಣೋ!"

"ಇನ್ನೆರಡು ಬರಬೇಕಲ್ಲ ಸಾರ್. ಶಿರಾ ಹೊತ್ತಿಗೆ ಬರುತ್ತೆ. ಈಗ ತಿರುಗಿಸಿದ್ರೆ ಮತ್ತೆ ಸಿಗ್ನಲ್ಲು, ಮತ್ತೆ ಐದು. ನಾನು ಕಳ್ಳ ಆಗ್ತೀನಿ."

ವಿರೂಪಣ್ಣ ಗಡಿಯಾರ ನೋಡಿಕೊಂಡರು.

"ಐದೇ ಸಾಕು, ನೀನು ಕಳ್ಳ ಅಲ್ಲ, ತಿರುಗಿಸು ಮಾರಾಯ!"