ಕೊನೆಯ ನಾಲ್ಕು ಮಾರು

“ಗುರುಗಳೇ, ನನ್ನಿಂದ ಒಂದು ತಪ್ಪಾಗಿದೆ. ಅದು ಯಾರಿಗೂ ಗೊತ್ತಿಲ್ಲ, ಯಾರೂ ನನ್ನನ್ನು ದೂರುತ್ತಿಲ್ಲ. ಆದರೂ ನನಗೆ ನೆಮ್ಮದಿಯಿಲ್ಲ. ಏಕೆ?” ಎಂದು ಶಿಷ್ಯನು ಕೇಳಿದನು.

ಯಾವ ತಪ್ಪೆಂದು ಗುರುಗಳು ವಿಚಾರಿಸಲಿಲ್ಲ. “ಕೂತುಕೋ. ನಡುವೆ ಬಾಯಿ ಹಾಕಬೇಡ” ಎಂದು ಒಂದು ಕಥೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕೆಲಸಗಾರನಿದ್ದ. ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ತಗಡಿನ ದೋಣಿಗಳನ್ನು ಶುಚಿಮಾಡುವುದೇ ಅವನ ಕಸುಬು. ನೀರು, ಕೆಸರು ಎರಡನ್ನೂ ಹೀರುವ ವ್ಯಾಕ್ಯೂಮ್ ಯಂತ್ರ ಅವನ ಬಳಿ ಇತ್ತು. ನೆಲದ ಮೇಲೆ ನಿಂತು ಉದ್ದನೆಯ ಕೊಳವೆಯನ್ನು ಮೇಲಕ್ಕೆತ್ತಿದರೆ ಕೊಳೆತ ಎಲೆಯೆಲ್ಲ ಡ್ರಮ್ಮಿಗೆ ಬಂದು ಬೀಳುತ್ತಿತ್ತು. ಕೆಲಸ ಮುಗಿದ ಮೇಲೆ ಏಣಿ ಹತ್ತಿ ದೋಣಿಗೆ ಒಂದು ಕೊಡ ನೀರು ಸುರಿದು, ಅದು ಪೈಪಿನಲ್ಲಿ ಇಳಿಯುವುದನ್ನು ಮನೆಯವರಿಗೆ ತೋರಿಸಿಯೇ ಹೊರಡುತ್ತಿದ್ದ. ಊರಿನವರು ಅವನನ್ನು ಕಣ್ಣುಮುಚ್ಚಿ ನಂಬಿದ್ದರು.

ಒಂದು ದಿನ ಅವನು ಸೀರೆ ನೇಯುವ ಹೆಂಗಸೊಬ್ಬಳ ಮನೆಗೆ ಹೋದ. ಊರಿಗೆಲ್ಲ ನೇಯ್ದುಕೊಟ್ಟವಳು ಆಕೆ. ಆ ವರ್ಷ ಮಾತ್ರ ಸ್ವಂತ ಮಗಳ ಧಾರೆಸೀರೆ ಮಗ್ಗದ ಮೇಲಿತ್ತು. ನೀರಿಳಿಯುವ ಪೈಪಿನ ಬಾಯಿಯ ಕಡೆ ದೋಣಿ ಇನ್ನೂ ನಾಲ್ಕು ಮಾರು ಉಳಿದಿದ್ದಾಗ ಡ್ರಮ್ಮು ತುಂಬಿತು. ತುಂಬಿದ ಮೇಲೆ ಆ ಯಂತ್ರ ಹೀರುವುದಿಲ್ಲ. ಮೋಟಾರು ಮಾತ್ರ ಮೊದಲಿಗಿಂತ ಜೋರಾಗಿ ಅರಚುತ್ತದೆ. ಅವನಿಗದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಡ್ರಮ್ಮನ್ನು ಹಿತ್ತಿಲ ಗುಂಡಿಯವರೆಗೆ ಎಳೆದು ಬರಿದುಮಾಡಬೇಕು. ರಟ್ಟೆ ಸೋತಿತ್ತು. ಅಯ್ಯೋ, ನಾಲ್ಕು ಮಾರು ತಾನೇ ಎಂದುಕೊಂಡು, ಬರಿಯ ಸದ್ದಿನ ಕೊಳವೆಯನ್ನೇ ದೋಣಿಯ ಮೇಲೆ ಆಡಿಸಿ ಯಂತ್ರ ನಿಲ್ಲಿಸಿದ.

“ನೀನು ಮಾಡಿದ ಮೇಲೆ ನೀರು ಸುರಿದು ನೋಡುವುದೇನಿದೆ ಅಣ್ಣಾ? ಮೋಡ ಕಟ್ಟಿದೆ, ಬೇಗ ಹೊರಡು” ಎಂದಳು ಆಕೆ, ಮಗ್ಗದಿಂದ ಏಳದೆಯೇ. ಬದುಕಿದೆಯಾ ಬಡಜೀವವೇ ಎಂದು ಅವನು ಹೊರಟುಬಿಟ್ಟ.

ಸಂಜೆ ಮಳೆ ಸುರಿಯಿತು. ದೋಣಿ ಕಟ್ಟಿಕೊಂಡು, ತುಂಬಿದ ನೀರು ಗೋಡೆಯ ಮೇಲಿಂದ ಒಳಗಿಳಿದು ಮಗ್ಗವನ್ನು ತೋಯಿಸಿತು. ಅಂಚಿನ ಕೆಂಪು ಬಣ್ಣ ಸೀರೆಯ ಬಿಳುಪಿಗೆಲ್ಲ ಹರಡಿತು.

ಬೆಳಿಗ್ಗೆ ಸುದ್ದಿ ತಿಳಿದು ಕೆಲಸಗಾರ ಓಡಿಬಂದ. ಇದ್ದದ್ದನ್ನು ಹೇಳಿಬಿಡಬೇಕೆಂದೇ ಬಂದಿದ್ದ. ಆಕೆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಅವನನ್ನು ಕಂಡು ಕಣ್ಣೊರೆಸಿಕೊಂಡಳು.

“ನೀನು ನೊಂದುಕೊಳ್ಳಬೇಡ ಅಣ್ಣಾ. ನಿನ್ನ ಕೆಲಸದಲ್ಲಿ ಕುಂದಿಲ್ಲ, ಮಳೆಯೇ ಹಾಗೆ ಬಂತು. ಮಳೆರಾಯನ ಮೇಲೆ ಸಿಟ್ಟಿಟ್ಟುಕೊಂಡು ಬದುಕಲಾದೀತೇ? ಕ್ಷಮಿಸಿಬಿಟ್ಟೆ” ಎಂದಳು.

ಅವನು ಹೇಳಬೇಕೆಂದು ಬಂದದ್ದನ್ನು ಹೇಳದೆಯೇ, ಆಕೆ ಕೊಟ್ಟ ಮಜ್ಜಿಗೆ ಕುಡಿದು ಎದ್ದುಬಂದ. ಅಂದಿನಿಂದ ಅವನಿಗೆ ಆ ಬೀದಿಯಲ್ಲಿ ತಲೆಯೆತ್ತಿ ನಡೆಯಲಾಗುತ್ತಿಲ್ಲ.

ಗುರುಗಳು ಕಥೆಯನ್ನು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನು ತಡೆಯಲಾರದೆ, “ಆಕೆಯೇ ಮನಸಾರೆ ಕ್ಷಮಿಸಿದ ಮೇಲೆ ಅವನಿಗೆ ಇನ್ನೇನು ಬೇಕು, ಗುರುಗಳೇ?” ಎಂದನು.

“ಆಕೆ ಕ್ಷಮಿಸಿದ್ದು ಮಳೆಯನ್ನು, ಮಗೂ. ತನ್ನನ್ನು ಕ್ಷಮಿಸಲು ಅವನು ಆಕೆಗೆ ಇನ್ನೂ ದಾರಿಯನ್ನೇ ಕೊಟ್ಟಿಲ್ಲ” ಎಂದರು ಗುರುಗಳು.