ಮಳೆಯಲ್ಲಿ ನಿಲ್ಲಿಸಿದವನ ತೂಕ

ಹೊಳೆದಂಡೆಯ ಆ ಆಶ್ರಮದ ತಕ್ಕಡಿಗೆ ಇದ್ದದ್ದು ಒಂದೇ ನಿಯಮ. ಒಂದು ತಟ್ಟೆಯಲ್ಲಿ ಮನುಷ್ಯ ಕೂರಬಹುದು. ಎದುರು ತಟ್ಟೆಯಲ್ಲಿ ಹಂಚಿಬಿಡುವಂಥದ್ದನ್ನು ಮಾತ್ರ ಇಡಬೇಕು. ಮನುಷ್ಯನ ಎದುರಿಗೆ ಮನುಷ್ಯನನ್ನು ಕೂರಿಸಬಾರದು.

ನಿಯಮವನ್ನು ಕಲ್ಲಿನಲ್ಲೇ ಕೆತ್ತಿದ್ದರು. ಓದಲು ಬಾರದವರು ಅಂದು ಅಲ್ಲಿ ಒಬ್ಬರೂ ಇರಲಿಲ್ಲ. ಒಬ್ಬರನ್ನು ಬಿಟ್ಟರೆ, ಅದನ್ನು ಮುರಿಯಲು ಹೊರಡದವರೂ ಇರಲಿಲ್ಲ.

ಅಂದು ಮಾಚಯ್ಯ ಗುರುಗಳಿಗೆ ಎಪ್ಪತ್ತು ತುಂಬಿತ್ತು. ಒಂದು ಕಾಲಕ್ಕೆ ಫಾರ್ಮುಲಾ ಕಾರು ರೇಸಿನಲ್ಲಿ ದೊಡ್ಡ ಹೆಸರು. ಈಗ ಆಶ್ರಮದಲ್ಲೇ ಉಳಿದು, ರೇಸಿಗೆ ಹೋಗುವ ಹುಡುಗರಿಗೆ ಉಸಿರು ಹಿಡಿಯುವುದನ್ನೂ ಕತ್ತು ಗಟ್ಟಿ ಮಾಡಿಕೊಳ್ಳುವುದನ್ನೂ ಕಲಿಸುತ್ತಿದ್ದರು. ಅವರ ತುಲಾಭಾರಕ್ಕೆಂದು ಅಭಿಮಾನಿಗಳು ಎರಡು ಬಸ್ಸು ಮಾಡಿಕೊಂಡು, ಮೂಟೆ ಮೂಟೆ ಅಚ್ಚುಬೆಲ್ಲ ತಂದಿದ್ದರು.

ಒಂದು ಬಸ್ಸಿನಲ್ಲಿ ಹಳೆಯ ಚಾಲಕರ ಅಭಿಮಾನಿಗಳು. ಇನ್ನೊಂದರಲ್ಲಿ ಈಗಿನ ಚಾಲಕರ ಅಭಿಮಾನಿಗಳು. ಒಂದೇ ಬಸ್ಸಿನಲ್ಲಿ ಕೂರಿಸಿದ್ದರೆ ದಾರಿಯಲ್ಲೇ ಕೈಕೈ ಮಿಲಾಯಿಸುತ್ತಿದ್ದರು.

ಬೆಲ್ಲ ಇಳಿಸುತ್ತಿದ್ದವನು ಗುರುಗಳ ಶಿಷ್ಯ ಕೌಶಿಕ. ಇಪ್ಪತ್ತಾರು ವರ್ಷದ ರೇಸ್ ಚಾಲಕ. ಹೋದ ತಿಂಗಳು, ಸುರಿಯುವ ಮಳೆಯಲ್ಲಿ, ಎರಡನೇ ಸ್ಥಾನದಲ್ಲಿ ಓಡುತ್ತಿದ್ದ ಕಾರನ್ನು ಟ್ರ್ಯಾಕಿನ ಪಕ್ಕದ ಪಿಟ್‌ಗೆ ತಂದು ನಿಲ್ಲಿಸಿ ಇಳಿದುಬಿಟ್ಟಿದ್ದ. ಅಂದಿನಿಂದ ಅವನ ಫೋನಿಗೆ ಬರುತ್ತಿದ್ದದ್ದು ಒಂದೇ ಮಾತು. ಹೇಡಿ.

ಮುಂದಿನ ರೇಸಿಗೆ ಇನ್ನು ಹತ್ತು ದಿನ. ಅಲ್ಲೂ ಮಳೆಯಂತೆ.

"ಏನೇ ಹೇಳ್ರಪ್ಪ," ಎಂದರು ಹಳಬರ ಮುಂದಾಳು ಗುರುಪಾದಪ್ಪ, ಹೆಗಲ ಮೇಲಿನ ಟವೆಲು ಕೊಡವುತ್ತ. "ನಮ್ಮ ಮಾಚಯ್ಯನೋರು ಸಿಗರೇಟು ಸೇದ್ಕೊಂಡೇ ಬಂದು, ನಗ್‌ನಗ್ತಾ ಕಾರು ಹತ್ತೋರು. ಗಂಡೆದೆ ಅಂದ್ರೆ ಅದು. ಈಗಿನೋರು ಮೂತಿ ಒರೆಸ್ಕೊಳ್ಳೋಕೂ ಕಾರಿನ ರೇಡಿಯೋದಲ್ಲಿ ತಂಡದೋರ ಅಪ್ಪಣೆ ಕೇಳ್ತಾರೆ."

"ಹೊಟ್ಟೆ ಬಿಟ್ಕೊಂಡು ಹತ್ತೋರು ಅಂತಲೂ ಹೇಳಿ ಸಾರ್," ಎಂದ ಹೊಸಬರ ಸುಹಾಸ. "ನಮ್ಮೋರು ಒಂದು ರೇಸಿಗೆ ಬೆವರಿಯೇ ಮೂರು ಕೆಜಿ ಇಳೀತಾರೆ. ನಿಮ್ಮ ಕಾಲದೋರನ್ನ ಈಗಿನ ಕಾರಲ್ಲಿ ಕೂರಿಸಿದ್ರೆ ಎರಡನೇ ತಿರುವಿಗೇ ಕತ್ತು ಉಳುಕಿ 'ಅವ್ವಾ' ಅಂತಿದ್ರು."

"ಬೆವರೋದೇನು ದೊಡ್ಡದು? ಉಪ್ಪಿಟ್ಟು ತಿಂದ್ರೆ ನಾನೂ ಬೆವರ್ತೀನಿ. ಮಳೇಲಿ ನಿಲ್ಲಿಸಿದೋನು ಯಾರು? ಅದು ಹೇಳಪ್ಪ."

ಸುಹಾಸ ಕೌಶಿಕನತ್ತ ನೋಡದೆ ಹೇಳಿದ. "ಅದೊಂದನ್ನ ನಾವೂ ಒಪ್ಪಲ್ಲ."

ಕೌಶಿಕನ ಹೆಗಲಿನ ಮೂಟೆ ಧೊಪ್ಪನೆ ನೆಲಕ್ಕೆ ಬಿತ್ತು.

ಬೈದವರ ಮಾತನ್ನು ಅವನು ತಿಂಗಳಿಂದ ನುಂಗಿದ್ದ. ತನ್ನವರೆಂದುಕೊಂಡವರ ಮಾತನ್ನು ನುಂಗಲಾಗಲಿಲ್ಲ. ಒಂದು ಗಂಟೆ ಮಳೆಯಲ್ಲಿ ನಿಂತರೆ ಮಾರನೆಯ ದಿನ ರಜೆ ಹಾಕುವ ಜನ ಇವರು! ಇನ್ನೊಬ್ಬನ ಎದೆ ಎಷ್ಟು ಗಟ್ಟಿ ಎಂದು ಅಳೆಯಲು ಇವರಿಗೆ ಕೋಲು ಕೊಟ್ಟವರು ಯಾರು?

ಅಷ್ಟರಲ್ಲೇ ಗುರುಪಾದಪ್ಪನವರಿಗೆ ಒಂದು ಉಪಾಯ ಹೊಳೆಯಿತು.

"ತಕ್ಕಡಿ ಇಲ್ಲೇ ಇದೆಯಲ್ಲ! ಗುರು ಒಂದು ಕಡೆ, ಶಿಷ್ಯ ಒಂದು ಕಡೆ. ಆ ಕಾಲ, ಈ ಕಾಲ, ತೂಗೇಬಿಡೋಣ. ತಟ್ಟೇಲಿ ಕೂತು ಇವನು ಆಣೆ ಮಾಡ್ಲಿ. ಇನ್ನು ಮೇಲೆ ಮಳೆಯಲ್ಲ, ಕಲ್ಲು ಸುರಿದ್ರೂ ಕಾರು ನಿಲ್ಲಿಸಲ್ಲ ಅಂತ."

ಬೆಳಗಿನಿಂದ ಮೊದಲ ಸಲ ಎರಡೂ ಬಸ್ಸಿನವರು ಒಟ್ಟಿಗೆ "ಹೌದು ಹೌದು" ಎಂದರು. ಚಿತ್ರ ಅಲುಗಬಾರದೆಂದು ಒಬ್ಬ ತನ್ನ ಫೋನನ್ನು ನಿಯಮದ ಕಲ್ಲಿಗೇ ಒರಗಿಸಿ ಇಟ್ಟ.

"ಆಗಲಿ," ಎಂದ ಕೌಶಿಕ. ದುಡುದುಡು ನಡೆದು ತಟ್ಟೆಯಲ್ಲಿ ಕೂತ. ತಟ್ಟೆ ನೆಲ ಮುಟ್ಟಿತು. "ಆಣೆ ತಾನೆ? ಮಾಡ್ತೀನಿ. ಗುರುಗಳ ಕಾಲದ ಕಾರಿಗೆ ಈ ವೇಗ ಎಲ್ಲಿತ್ತು? ನನ್ನ ಕಾರಲ್ಲಿ ಅವರು ಹತ್ತು ಸುತ್ತು ತಾಳ್ತಿರಲಿಲ್ಲ. ತೂಗಿ, ನೋಡೇಬಿಡೋಣ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ತಿರುಗಿ ನೋಡಿದ.

ಹೊಳೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಬಂದ ಗುರುಗಳು ಹಿಂದೆ ನಿಂತಿದ್ದರು.

"ಹತ್ತೆಲ್ಲಿ ಬಂತು?" ಎಂದರು. "ಮೂರೂ ತಾಳ್ತಿರಲಿಲ್ಲ."

ಕೌಶಿಕ ತಲೆ ತಗ್ಗಿಸಿದ.

"ಗುರುಪಾದಪ್ಪ, ನಾನು ಗೆದ್ದ ಆ ಮಳೆಯ ರೇಸು ನೀವು ನೋಡಿದ್ದಿರಾ?"

"ನೋಡದೆ ಉಂಟಾ ಗುರುಗಳೇ! ಒಂದೇ ಕೈಲಿ ಸ್ಟೀರಿಂಗ್ ಹಿಡಿದು ಓಡಿಸಿದ್ರಿ. ಏನು ಗತ್ತು!"

"ಇನ್ನೊಂದು ಕೈಯಲ್ಲಿ ಗೇರಿನ ಕೋಲು ಹಿಡಿದಿದ್ದೆ. ಕೈ ಬಿಟ್ಟರೆ ಗೇರು ಕಳಚಿಕೊಳ್ತಿತ್ತು."

"ಆದ್ರೂ ನೀವು ಇವನ ಹಾಗೆ ನಿಲ್ಲಿಸಲಿಲ್ಲ."

"ಬ್ರೇಕು ಹೋಗಿತ್ತು."



"ಈ ಮೂವತ್ತೈದು ವರ್ಷ ಇದನ್ನ ಹೇಳಲೇ ಇಲ್ವಲ್ಲ ಗುರುಗಳೇ," ಎಂದರು ಗುರುಪಾದಪ್ಪ. ತಮ್ಮ ಜೇಬಿಗೆ ಯಾರೋ ಕೈ ಹಾಕಿದರೇನೋ ಎಂಬಂತಿತ್ತು ದನಿ.

"ನೀವು ಕೇಳ್ತಿದ್ದದ್ದು ಗೆದ್ದ ಕತೆ. ಕಾರು ನಿಂತದ್ದು ಗೆಲುವಿನ ಗೆರೆ ದಾಟಿ ಹುಲ್ಲಿನ ಬಣವೆಗೆ ನುಗ್ಗಿದ ಮೇಲೆ. ಬಣವೆಯ ಪಕ್ಕದಲ್ಲೇ ಒಬ್ಬ ಮುದುಕ ಕೊಡೆ ಹಿಡಿದು ಕೂತಿದ್ದ. ಕಾರಿಗೂ ಅವನಿಗೂ ಒಂದು ಗೇಣು. ಇಂದಿಗೂ ನಿದ್ದೆಯಲ್ಲಿ ಆ ಕೊಡೆ ಕಾಣುತ್ತೆ."

ಅವರು ಶಿಷ್ಯನ ಕಡೆಗೆ ತಿರುಗಿದರು.

"ಆಣೆ ಮಾಡ್ತೀಯಂತೆ. ಮಾಡು."

ಕೌಶಿಕ ತಟ್ಟೆಯ ಅಂಚು ಹಿಡಿದುಕೊಂಡ.

"ಅವತ್ತು ಯಾಕೆ ನಿಲ್ಲಿಸಿದೆ?"

"ಮುಂದಿನ ಕಾರು ಕಾಣ್ತಿರಲಿಲ್ಲ ಗುರುಗಳೇ. ನೀರಿನ ಗೋಡೆ."

"ಹಿಂದಿನವನಿಗೆ ನೀನು?"

"ನಾನೂ ಕಾಣ್ತಿರಲಿಲ್ಲ."

"ಕಾಣದಿದ್ದರೆ?"

"ನಿಲ್ಲಿಸಬೇಕು. ನೀವೇ ಕಲಿಸಿದ್ದು."

"ಅದನ್ನ ಇಲ್ಲಿ ಯಾರಿಗೆ ಬಿಟ್ಟುಕೊಡೋಕೆ ಕೂತಿದ್ದೀಯ?"

ಕೌಶಿಕ ಏಳಲು ಹೋದ. ಗುರುಗಳು ಅವನ ಭುಜ ಒತ್ತಿ ಕೂರಿಸಿದರು.

"ಏಳಬೇಡ. ತಟ್ಟೆಯಲ್ಲಿ ಕೂತ ಮೇಲೆ ತೂಗಲೇಬೇಕು."

ಜನರಿಗೆ ಮತ್ತೆ ಜೀವ ಬಂತು. ಇಳಿದಿದ್ದ ಫೋನುಗಳು ಮೇಲೆದ್ದವು. ಸುಹಾಸ ಓಡಿಬಂದು, ಖಾಲಿ ತಟ್ಟೆ ಅಲುಗದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿದ. "ಬನ್ನಿ ಗುರುಗಳೇ, ಹುಷಾರು, ಹೀಗೆ ಕೂತ್ಕೊಳ್ಳಿ."

ಗುರುಗಳು ಆ ಕೈಯನ್ನು ನೋಡಲೂ ಇಲ್ಲ. ಅವನನ್ನು ದಾಟಿ ಮೂಟೆಗಳ ಬಳಿ ಹೋದರು. ಒಂದರ ಬಾಯಿ ಬಿಚ್ಚಿದರು. ಎರಡೂ ಕೈ ತುಂಬ ಬೆಲ್ಲ ತಂದು ಖಾಲಿ ತಟ್ಟೆಗೆ ಹಾಕಿದರು.

"ಅಯ್ಯೋ, ಅದು ನಿಮ್ಮ ತುಲಾಭಾರದ ಬೆಲ್ಲ!" ಎಂದರು ಗುರುಪಾದಪ್ಪ.

ಗುರುಗಳು ಮತ್ತೆ ಹೋದರು. ಮತ್ತೆ ತಂದರು. ಬಗ್ಗಿದಾಗಲೆಲ್ಲ ಮಂಡಿ ಲಟಕ್ಕೆನ್ನುತ್ತಿತ್ತು. ನೆರವಿಗೆ ಬಂದವರನ್ನು ಕಣ್ಣಿನಲ್ಲೇ ದೂರ ನಿಲ್ಲಿಸಿದರು. ಒಂದು ಮೂಟೆ ಬರಿದಾಯಿತು. ಇನ್ನೊಂದು ಅರ್ಧವಾಯಿತು. ಕಲ್ಲಿಗೆ ಒರಗಿಸಿದ್ದ ಫೋನನ್ನು ಅದರ ಯಜಮಾನ ತಾನಾಗಿ ಬಂದು ತೆಗೆದುಕೊಂಡ. ಅದರ ಹಿಂದಿದ್ದ ಅಕ್ಷರಗಳು ಕಂಡವು.

ಕೌಶಿಕನ ತಟ್ಟೆ ನೆಲ ಬಿಟ್ಟಿತು. ಮೇಲೇರಿತು. ತೂಗಾಡಿ, ಒಂದಚ್ಚು ಹೆಚ್ಚಾಯಿತೆಂದು ತೋರಿಸಿತು. ಗುರುಗಳು ಆ ಒಂದನ್ನು ತೆಗೆದರು. ತಕ್ಕಡಿಯ ದಂಡ ನೇರವಾಗಿ ನಿಂತಿತು.

ಗುರುಗಳು ಅಂಟಿದ ಕೈಯನ್ನು ಒದ್ದೆ ಪಂಚೆಗೆ ಒರೆಸಿಕೊಂಡು, ಎರಡೂ ಬಸ್ಸಿನವರತ್ತ ತೋರಿಸಿದರು.

"ನಿನ್ನ ತೂಕ ಇಷ್ಟು. ಇಳಿದು ಹಂಚು. ಮೊದಲು ಇವರಿಗೆ."