ಸಾಲಿನ ಕೊನೆಯ ಗಂಟು

ತೀರಿಹೋದ ಅಜ್ಜಿ ಅರ್ಧಕ್ಕೆ ಬಿಟ್ಟ ಕೌದಿಯನ್ನು, ಮೊಮ್ಮಗಳ ಕೂಸಿನ ತೊಟ್ಟಿಲಿಗೆಂದು ಎರಡು ಸೂಜಿಗಳು ಸರದಿಯಲ್ಲಿ ಹೊಲಿಯುತ್ತಿದ್ದವು. ಸಾಲಿನ ಕೊನೆಗೆ ದೊಡ್ಡ ಸೂಜಿ ಎರಡು ಗಂಟು ಹಾಕುತ್ತಿತ್ತು, ಸಣ್ಣದು ಒಂದೇ. ಸರದಿ ಬಂದಾಗಲೆಲ್ಲ ಒಂದು ಇನ್ನೊಂದರ ಗಂಟುಗಳನ್ನು ಬಿಚ್ಚಿ ಹೊಸ ದಾರದಲ್ಲಿ ತನ್ನಂತೆ ಹಾಕುತ್ತಿತ್ತು.

ತೊಟ್ಟಿಲ ಶಾಸ್ತ್ರಕ್ಕೆ ಮೂರು ದಿನ ಇದೆ ಅನ್ನುವಾಗ ಕತ್ತರಿ ಬಂದು ಸಿಡುಕಿತು. "ತಪ್ಪಿದ ಹೊಲಿಗೆ ಹಿಡಿಯುವುದು ನನ್ನ ಕೆಲಸ. ಹೊಸ ದಾರ ಕಂಡಲ್ಲಿ ಹುಡುಕುತ್ತೇನೆ. ಇಲ್ಲಿ ನಲವತ್ತು ಸಾಲಿಗೂ ಹೊಸ ದಾರ! ಕೂಸಿಗೆ ಚಳಿ ನುಗ್ಗುವ ಜಾಗವನ್ನು ಎಲ್ಲಿ ಅಂತ ಹುಡುಕಲಿ?"

"ಎರಡು ಗಂಟು ನಮ್ಮ ತವರಿನ ಪದ್ಧತಿ" ಅಂದಿತು ದೊಡ್ಡ ಸೂಜಿ.

"ನಿನ್ನ ತವರು ತುಕ್ಕು ಹಿಡಿದ ಡಬ್ಬಿ, ಅಕ್ಕಾ" ಅಂದಿತು ಸಣ್ಣದು.

ಕತ್ತರಿ ಕೇಳಿತು: "ಯಾವ ಗಂಟಾದರೂ ತಾನಾಗಿ ಬಿಚ್ಚಿದ್ದುಂಟೇ?"

"ಇಲ್ಲ" ಅಂದವು ಎರಡೂ.

"ಹಾಗಾದರೆ ಮೂಲೆಯಲ್ಲಿ ಕೆಂಪು ದಾರದ ಒಂದು ಗಂಟು ಹಾಕಿಡಿ. ಯಾರೇ ಹೊಲಿಯಲಿ, ಅದನ್ನು ನೋಡಿ ಹಾಕಬೇಕು."

ಅಂದೇ ಎರಡೂ ಕೂಡಿ ಎಲ್ಲ ಸಾಲನ್ನೂ ಒಂದೇ ಗಂಟಿಗೆ ತಂದವು. ಮರುದಿನ ಹೊಸ ದಾರ ಅಂದು ಹೊಲಿದ ಎರಡೇ ಸಾಲಿನಲ್ಲಿತ್ತು. ತಪ್ಪಿದ ಹೊಲಿಗೆ ಕೂಡಲೇ ಸಿಕ್ಕಿತು. ಅದು ದೊಡ್ಡ ಸೂಜಿಯದೇ.

ಕೂಸು ಕೌದಿಯ ಮೇಲೆ ಬೆಚ್ಚಗೆ ಮಲಗಿದ ಮೊದಲ ದಿನವೇ ಅದನ್ನು ಒದ್ದೆ ಮಾಡಿತು. ಗಂಟು ಎಷ್ಟು ಅಂತ ಕೇಳಲಿಲ್ಲ.